ಪಿಡಿಎಫ್ ಬರೇ ತಗದ್ರೂ ಮಷಿನ್ ಕೆಡತೈತೇನ್ರಿ? ಅಂಗಡಿಗೆ ಯಾವ ರೀಡರ್ ಛಲೋ?

ನವನಗರ_ಸೆಂಟರ್ (ಬಾಗಲಕೋಟೆ)
ಎಲ್ಲಾರಿಗೂ ನಮಸ್ಕಾರ. ನವನಗರದಾಗ ನಮ್ಮದು ಝೆರಾಕ್ಸ್, ಆನ್‌ಲೈನ್ ಅರ್ಜಿ ಹಾಕೋ ಅಂಗಡಿ. ಮಂದಿ ಪೆನ್‌ಡ್ರೈವ್, ವಾಟ್ಸ್ಆ್ಯಪ್, ಮೇಲ್‌ನ್ಯಾಗ ಪಿಡಿಎಫ್ ತರ್ತಾರ. ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಂಥಾವು. ತಗೀಬೇಕು, ಪ್ರಿಂಟ್ ಕೊಡಬೇಕು, ಅಷ್ಟ. ಒಂದು ಮಷಿನ್ ವಿಂಡೋಸ್ 7, ಅದರಾಗ ಅಡೋಬ್ ರೀಡರ್ 9 ಐತಿ, ಜಲ್ದಿ ಓಪನ್ ಆಗ್ತೈತಿ ಅಂತ ಹಂಗ ಇಟ್ಟೀವಿ. ಇನ್ನೊಂದು ವಿಂಡೋಸ್ 10, ಅದಕ್ಕ ಜಿಎಸ್‌ಟಿ ಕೆಲಸದ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರೋ ಪೆನ್‌ಡ್ರೈವ್‌ನಂಥಾದ್ದು) ಹಚ್ಚಿರತೀವಿ. ಗೊತ್ತಿಲ್ಲದ ಇಎಕ್ಸ್‌ಇ ಫೈಲ್ ಮುಟ್ಟಂಗಿಲ್ಲ. ಆದ್ರ ಪಿಡಿಎಫ್ ಅಂದ್ರ ಓದೋ ಕಾಗದ, ಪ್ರೋಗ್ರಾಂ ಅಲ್ಲಲ್ರಿ? ಅದರಿಂದ ಹೆಂಗ ಹ್ಯಾಕ್ ಆಗ್ತೈತಿ? ಖರೇ ಇದ್ರ ಯಾವ ರೀಡರ್ ಹಾಕಬೇಕು, ಏನ್ ಸೆಟ್ಟಿಂಗ್ ಮಾಡಬೇಕು, ಬಿಡಿಸಿ ಹೇಳ್ರಿ. ಭಾಳ ರೊಕ್ಕ ಹಾಕೋ ಸ್ಥಿತಿ ಇಲ್ಲ.

ಮುಧೋಳ_ಪ್ರಿಂಟ್ಸ್
ಆಂಟಿವೈರಸ್ ಹಾಕ್ಯಾರಿಲ್ಲ? ಹಾಕಿದ್ರ ಚಿಂತಿ ಬ್ಯಾಡ್ರಿ. ಪಿಡಿಎಫ್‌ನಿಂದ ಏನೂ ಆಗಂಗಿಲ್ಲ.

ಉದ್ಯಮಬಾಗ್_ನೆಟ್‌ವರ್ಕ್ (ಬೆಳಗಾವಿ)
ಆಗ್ತೈತ್ರಿ. ಇದು ಹೊಸಾ ಸುದ್ದಿನೂ ಅಲ್ಲ.

ಪಿಡಿಎಫ್ ಒಳಗ ಬರೇ ಅಕ್ಷರ ಇರಂಗಿಲ್ಲ. ಒತ್ತಿ ಸಣ್ಣ ಮಾಡಿದ ಚಿತ್ರ ಇರ್ತಾವ, ಫಾಂಟ್ ಇರ್ತಾವ, ತುಂಬೋ ಫಾರ್ಮ್ ಇರ್ತೈತಿ, ಜಾವಾಸ್ಕ್ರಿಪ್ಟ್ ಇರ್ತೈತಿ, ಬ್ಯಾರೆ ಫೈಲ್‌ಗಳನ್ನೂ ಅಟ್ಯಾಚ್ ಮಾಡಬಹುದು. ಇವನ್ನೆಲ್ಲಾ ಬಿಚ್ಚಿ ಓದಾಕ ರೀಡರ್ ಒಳಗ ಒಂದೊಂದಕ್ಕೂ ಬ್ಯಾರೆ ಬ್ಯಾರೆ ಕೋಡ್ ಇರ್ತೈತಿ. ಬಹಳಷ್ಟು ಸಿ, ಸಿ ಪ್ಲಸ್ ಪ್ಲಸ್‌ನ್ಯಾಗ ಬರೆದದ್ದು. ಫೈಲ್ ಒಳಗ "ಈ ಚಿತ್ರಕ್ಕ ಇಷ್ಟು ತುಣುಕು ಅದಾವು" ಅಂತ ಒಂದು ಸಂಖ್ಯೆ ಬರೆದಿರ್ತೈತಿ ಅನ್ಕೊಳ್ರಿ. ರೀಡರ್ ಅದನ್ನ ತಪಾಸ ಮಾಡದ ನಂಬಿ ಅಷ್ಟ ಮೆಮೊರಿ ತಗೊಂಡು ಬರಿಯಾಕ ಶುರು ಮಾಡಿದ್ರ, ಸುಳ್ಳು ಸಂಖ್ಯೆ ಬಂದಾಗ ತನ್ನ ಜಾಗ ಮೀರಿ ಪಕ್ಕದ ಮೆಮೊರಿ ಮ್ಯಾಲೆ ಬರೀತೈತಿ. ಆ ಪಕ್ಕದ ಜಾಗದಾಗ "ಮುಂದ ಯಾವ ಕೋಡ್ ಓಡಿಸಬೇಕು" ಅನ್ನೋ ವಿಳಾಸ ಇದ್ರ, ಫೈಲ್ ಬರೆದಾವ ಹೇಳಿದ ಕೋಡ್ ಓಡತೈತಿ. ನೀವು ಎಲ್ಲೂ ಕ್ಲಿಕ್ ಮಾಡಬೇಕಿಲ್ಲ, ತಗದ್ರ ಸಾಕು.

2009ರ ಫೆಬ್ರವರಿಯಾಗ ಬಂದ ಸಿವಿಇ-2009-0658 ಹಿಂಗ ಆಗಿದ್ದು (ಸಿವಿಇ ಅಂದ್ರ ಸಾಫ್ಟ್‌ವೇರ್‌ನ ತೂತಿಗೆ, ಅಂದ್ರ ದೋಷಕ್ಕ, ಕೊಡೋ ನಂಬರ್). ಸ್ಕ್ಯಾನ್ ಮಾಡಿದ ಕಪ್ಪು-ಬಿಳಿ ಪುಟ ಒತ್ತಾಕ ಬಳಸೋ ಜೆಬಿಗ್2 ಅನ್ನೋ ವಿಧಾನ ಐತಲ್ಲ, ಅದನ್ನ ಬಿಚ್ಚೋ ಕೋಡ್‌ನ್ಯಾಗ ತೂತು. ನಿಮ್ಮ ರೀಡರ್ 9.0 ಆಗಿದ್ರ ಅದ ತೂತು ಇನ್ನೂ ಐತಿ. 9.1ರಾಗ ಅದನ್ನ ಮುಚ್ಚಿದ್ರು, ಖರೆ. ಆದ್ರ ರೀಡರ್ 9ಕ್ಕ 2013ರ ಜೂನ್‌ದಾಗ ಬೆಂಬಲ ನಿಂತೈತಿ. ಅಲ್ಲಿಂದ ಈಚೆಗೆ ಸಿಕ್ಕ ತೂತು ಆ ಆವೃತ್ತಿಯಾಗ ಯಾರೂ ಮುಚ್ಚಿಲ್ಲ. ಮತ್ತ ರೀಡರ್ 9ಕ್ಕ ಸ್ಯಾಂಡ್‌ಬಾಕ್ಸ್ ಇಲ್ಲ, ಅಂದ್ರ ಫೈಲ್ ಬಿಚ್ಚೋ ಕೋಡ್ ಮಷಿನ್‌ನ ಉಳಿದ ಭಾಗ ಮುಟ್ಟದಂಗ ತಡಿಯೋ ಬೇಲಿ ಇಲ್ಲ. ಪ್ರೊಟೆಕ್ಟೆಡ್ ಮೋಡ್ ಅನ್ನೋ ಆ ಬೇಲಿ ಬಂದದ್ದು 2010ರ ನವೆಂಬರ್‌ದಾಗ, ರೀಡರ್ 10ರ ಜೊತಿ. ಜಲ್ದಿ ಓಪನ್ ಆಗ್ತೈತಿ ಅನ್ನೋ ಕಾರಣಕ್ಕ ಅದನ್ನ ಇಡಬ್ಯಾಡ್ರಿ, ಇವತ್ತ ತಗದುಹಾಕ್ರಿ.

ಮುಧೋಳ_ಪ್ರಿಂಟ್ಸ್
ಹಂಗಾದ್ರ ಆಂಟಿವೈರಸ್ ಯಾಕ ಇರೋದು?

ಉದ್ಯಮಬಾಗ್_ನೆಟ್‌ವರ್ಕ್ (ಬೆಳಗಾವಿ)
ಇರ್ಲಿ, ತಗೀಬ್ಯಾಡ್ರಿ. ಆದ್ರ ಅದು ಹಿಡಿಯೋದು ಹೆಚ್ಚಾಗಿ ಮೊದಲ ಕಂಡ ಫೈಲ್‌ಗಳನ್ನ. ಪಾಸ್‌ವರ್ಡ್ ಹಾಕಿದ ಪಿಡಿಎಫ್ ಬಂದ್ರ ಮೇಲ್‌ನ ಸ್ಕ್ಯಾನರ್‌ಗೆ ಒಳಗ ಏನೈತಿ ಕಾಣಂಗಿಲ್ಲ. ನಿಮ್ಮ ಕಡೆ ಬರೋ ಇ-ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಪಾಸ್‌ವರ್ಡ್ ಇರೋವ. ಅದಕ್ಕ ಪಾಸ್‌ವರ್ಡ್ ಕೇಳೋ ಫೈಲ್ ಬಂದ್ರ ಯಾರಿಗೂ ಸಂಶಯ ಬರಂಗಿಲ್ಲ.

ಜಮಖಂಡಿ_ಅಕೌಂಟ್ಸ್
ಜಾವಾಸ್ಕ್ರಿಪ್ಟ್ ಬಂದ್ ಮಾಡಿದ್ರ ಸಾಕಲ್ರಿ? ನಮ್ಮ ಆಫೀಸ್‌ನ್ಯಾಗ ಹಂಗ ಮಾಡೀವಿ.

ಶಹಾಪುರ_ಸೆಕ್ಯುರಿಟಿ (ಬೆಳಗಾವಿ)
ಅಕ್ಕಾರ, ಬಂದ್ ಮಾಡಿದ್ದು ಒಳ್ಳೇದು, ಸಾಕಾಗುವುದಿಲ್ಲ. 2008ರ ಯುಟಿಲ್ ಪ್ರಿಂಟ್‌ಎಫ್ ತೂತು (ಸಿವಿಇ-2008-2992), 2009ರ ಡಿಸೆಂಬರ್‌ನ ಮೀಡಿಯಾ ನ್ಯೂಪ್ಲೇಯರ್ ತೂತು (ಸಿವಿಇ-2009-4324), ಇಂಥವು ಜಾವಾಸ್ಕ್ರಿಪ್ಟ್ ಫಂಕ್ಷನ್‌ಗಳಲ್ಲೇ ಇದ್ದವು. ಅಂಥವಕ್ಕೆ ಬಂದ್ ಮಾಡಿದರೆ ಪರಿಹಾರ. ಆದರೆ ಮೇಲೆ ಹೇಳಿದ ಜೆಬಿಗ್2 ತೂತಿನಲ್ಲಿ ಜಾವಾಸ್ಕ್ರಿಪ್ಟ್‌ನ ಪಾತ್ರ ಬೇರೆ: ದಾಳಿಯ ಕೋಡನ್ನು ಮೆಮೊರಿಯ ತುಂಬ ಹರಡಿ, ಜಿಗಿದದ್ದು ಎಲ್ಲೇ ಬಿದ್ದರೂ ಅದರ ಮೇಲೇ ಬೀಳುವಂತೆ ಮಾಡುವುದು. ಬಂದ್ ಮಾಡಿದರೆ ದಾಳಿ ಕಷ್ಟವಾಗುತ್ತದೆ, ತೂತು ಮಾತ್ರ ಹಾಗೇ ಇರುತ್ತದೆ.

ಜಾವಾಸ್ಕ್ರಿಪ್ಟ್ ಒಂದು ಸಾಲೂ ಇಲ್ಲದೆ ಏನು ಮಾಡಬಹುದು ಎಂಬುದಕ್ಕೆ ಫೋರ್ಸ್ಡ್‌ಎಂಟ್ರಿ ಎಂಬ ದಾಳಿ ನೋಡಿ, ಸಿವಿಇ-2021-30860. ಐಫೋನಿನ ಐಮೆಸೇಜ್‌ಗೆ ಜಿಐಎಫ್ ಎಂದು ಹೆಸರಿಟ್ಟ ಫೈಲ್ ಬರುತ್ತಿತ್ತು, ಒಳಗಿದ್ದದ್ದು ಪಿಡಿಎಫ್. ಫೋನಿನವರು ಏನನ್ನೂ ತೆರೆಯಬೇಕಿರಲಿಲ್ಲ. ಪಿಡಿಎಫ್ ಒಳಗಿನ ಜೆಬಿಗ್2 ಬಿಚ್ಚುವ ಕೋಡ್ ಮೂಲತಃ ಎಕ್ಸ್‌ಪಿಡಿಎಫ್ ಎಂಬ ಹಳೆಯ ಪಿಡಿಎಫ್ ರೀಡರ್‌ನಿಂದ ಬಂದದ್ದು, ಅದರಲ್ಲಿ ತುಣುಕುಗಳ ಲೆಕ್ಕ ಕೂಡುವಾಗ ಸಂಖ್ಯೆ ಉಕ್ಕಿ ಮತ್ತೆ ಚಿಕ್ಕದಾಗಿಬಿಡುತ್ತಿತ್ತು. ಮುಂದಿನದು ಇನ್ನೂ ಭಯಂಕರ. ಜೆಬಿಗ್2ರಲ್ಲಿ ಚಿತ್ರದ ಚುಕ್ಕೆಗಳ ಮೇಲೆ ಆ್ಯಂಡ್, ಆರ್, ಎಕ್ಸಾರ್ ಎಂಬ ತರ್ಕದ ಲೆಕ್ಕ ಮಾಡುವ ಆಜ್ಞೆಗಳಿವೆ. ಅಂಥ 70,000ಕ್ಕೂ ಹೆಚ್ಚು ಆಜ್ಞೆಗಳನ್ನು ಜೋಡಿಸಿ, ಚಿತ್ರ ಬಿಚ್ಚುವ ಕೋಡ್ ಒಳಗೇ ಒಂದು ಪುಟ್ಟ ಕಂಪ್ಯೂಟರ್ ಕಟ್ಟಿ, ಮುಂದಿನ ದಾಳಿಯನ್ನು ಅದರ ಮೇಲೆ ಓಡಿಸಿದ್ದರು. ಸಿಟಿಜನ್ ಲ್ಯಾಬ್ ಎಂಬ ಸಂಶೋಧನಾ ಸಂಸ್ಥೆ ಪತ್ತೆ ಮಾಡಿತು, ಆ್ಯಪಲ್ 2021ರ ಸೆಪ್ಟೆಂಬರ್‌ನಲ್ಲಿ ಐಒಎಸ್ 14.8ರಲ್ಲಿ ಮುಚ್ಚಿತು.

ಅದನ್ನು ಬಳಸಿದ್ದು ಆಯ್ದ ಕೆಲವೇ ಜನರ ಮೇಲೆ. ಝೆರಾಕ್ಸ್ ಅಂಗಡಿಗೆ ಅಂಥದ್ದು ಬರುತ್ತದೆ ಎಂದು ಹೆದರಬೇಡಿ. ನಿಮಗೆ ಬರುವುದು ಹಳೆಯ, ಎಲ್ಲರಿಗೂ ಗೊತ್ತಿರುವ, ತೇಪೆ ಬಂದು ವರ್ಷಗಳಾದ ತೂತಿನ ಫೈಲ್‌ಗಳು. ಹಾಗಾಗಿ ಅಪ್‌ಡೇಟ್ ಮಾಡಿದ ರೀಡರ್ ಇದ್ದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಅಲ್ಲಿಗೇ ಮುಗಿಯಿತು.

ನವನಗರ_ಸೆಂಟರ್ (ಬಾಗಲಕೋಟೆ)
ಆತ್ರಿ, ರೀಡರ್ 9 ತಗೀತೀನಿ. ಹೊಸಾ ಅಡೋಬ್ ಹಾಕಿದ್ರ ಸೆಟ್ಟಿಂಗ್ ಏನೇನ್ ನೋಡಬೇಕು?

ಉದ್ಯಮಬಾಗ್_ನೆಟ್‌ವರ್ಕ್ (ಬೆಳಗಾವಿ)
ಕಂಟ್ರೋಲ್ ಮತ್ತು ಕೆ ಒತ್ತಿದ್ರ ಪ್ರಿಫರೆನ್ಸಸ್ ತೆರಕೋತೈತಿ.

ಎಡಕ್ಕ ಜಾವಾಸ್ಕ್ರಿಪ್ಟ್ ಅಂತ ಐತಿ, ಅದರಾಗ "ಎನೇಬಲ್ ಅಕ್ರೋಬ್ಯಾಟ್ ಜಾವಾಸ್ಕ್ರಿಪ್ಟ್" ಟಿಕ್ ತಗೀರಿ. ತಾನ ಲೆಕ್ಕ ಹಾಕೋ ಫಾರ್ಮ್ ಬಂದ್ರ ಮ್ಯಾಲೆ ಹಳದಿ ಪಟ್ಟಿ ಬರ್ತೈತಿ. ಖಾತ್ರಿ ಇರೋ ಸರಕಾರಿ ಫಾರ್ಮ್ ಆಗಿದ್ರ ಆ ಫೈಲ್‌ಗೆ ಒಂದ ಸಲ ಅಂತ ಕೊಡ್ರಿ, "ಯಾವಾಗಲೂ" ಅಂತ ಕೊಡಬ್ಯಾಡ್ರಿ.

ಆಮ್ಯಾಲೆ ಟ್ರಸ್ಟ್ ಮ್ಯಾನೇಜರ್. ಪಿಡಿಎಫ್ ಅಲ್ಲದ ಅಟ್ಯಾಚ್‌ಮೆಂಟ್ ಬ್ಯಾರೆ ಪ್ರೋಗ್ರಾಂನ್ಯಾಗ ತೆಗಿಯಾಕ ಬಿಡೋ ಟಿಕ್ ಐತಿ, ತಗೀರಿ. ನಂತರ ಸೆಕ್ಯುರಿಟಿ (ಎನ್‌ಹ್ಯಾನ್ಸ್ಡ್): "ಎನೇಬಲ್ ಪ್ರೊಟೆಕ್ಟೆಡ್ ಮೋಡ್ ಅಟ್ ಸ್ಟಾರ್ಟಪ್" ಇರಬೇಕು. ಅಲ್ಲೇ ಪ್ರೊಟೆಕ್ಟೆಡ್ ವ್ಯೂ ಅಂತ ಇನ್ನೊಂದು ಐತಿ, ಇವೆರಡೂ ಒಂದ ಅಲ್ಲ. ಪ್ರೊಟೆಕ್ಟೆಡ್ ಮೋಡ್ ಹಿಂದಿನಿಂದ ಕೆಲಸ ಮಾಡೋ ಸ್ಯಾಂಡ್‌ಬಾಕ್ಸ್. ಪ್ರೊಟೆಕ್ಟೆಡ್ ವ್ಯೂ ಅಂದ್ರ ಬರೇ ನೋಡಾಕ ಬಿಡೋದು, "ಎನೇಬಲ್ ಆಲ್ ಫೀಚರ್ಸ್" ಒತ್ತೋ ತನಕ ಪ್ರಿಂಟ್ ಕೊಡಾಕೂ ಬಿಡಂಗಿಲ್ಲ.

ಗುಮ್ಮಟ_ಲಿನಕ್ಸ್ (ವಿಜಯಪುರ)
ಪ್ರೊಟೆಕ್ಟೆಡ್ ವ್ಯೂ ಅಂಗಡ್ಯಾಗ ನಡಿಯಂಗಿಲ್ಲ ಸರ್. ಗಿರಾಕಿ ನಿಂತಿರ್ತಾರ, ಪ್ರತಿ ಫೈಲ್‌ಗೂ ಹಳದಿ ಪಟ್ಟಿ ಬಂದ್ರ ಕೈ ತಾನ ಒತ್ತತದ. ಒತ್ತೋದು ರೂಢಿ ಆದ್ಮ್ಯಾಲೆ ಎಚ್ಚರಿಕೆ ಇದ್ದೂ ಉಪಯೋಗಿಲ್ಲ. ಫಾಕ್ಸಿಟ್ ರೀಡರ್‌ದಾಗ 2024ರಾಗ ಚೆಕ್ ಪಾಯಿಂಟ್ ಅನ್ನೋ ಸೆಕ್ಯುರಿಟಿ ಕಂಪನಿಯವರು ತೋರಿಸಿದ್ದು ಇದನ್ನ. ಅಪಾಯ ಅದ ಅಂತ ಕೇಳೋ ಕಿಟಕಿಯಾಗ ಮೊದಲ ಆಯ್ಕೆ ಆಗಿ ಇದ್ದದ್ದ "ಓಕೆ", ಮುಂದಿನ ಕಿಟಕಿಯಾಗ "ಓಪನ್". ಎರಡು ಸಲ ಎಂಟರ್ ಹೊಡದ್ರ ಪಿಡಿಎಫ್ ಒಳಗಿನ ಆಜ್ಞೆ ಓಡತಿತ್ತು.

ಶಹಾಪುರ_ಸೆಕ್ಯುರಿಟಿ (ಬೆಳಗಾವಿ)
ಅದು ಸರಿಯಾದ ಮಾತು. ಅಂಗಡಿಗೆ "ಪೊಟೆನ್ಷಿಯಲಿ ಅನ್‌ಸೇಫ್ ಲೊಕೇಶನ್ಸ್" ಎಂಬ ಆಯ್ಕೆ ಸಾಕು, ಎಲ್ಲ ಫೈಲ್‌ಗೂ ಬೇಡ.

ಆದರೆ ಅದಕ್ಕೊಂದು ಮಿತಿ ಇದೆ, ನಿಮ್ಮ ಅಂಗಡಿಗೆ ನೇರವಾಗಿ ತಾಗುತ್ತದೆ. ಫೈಲ್ ಇಂಟರ್ನೆಟ್‌ನಿಂದ ಬಂತೋ ಇಲ್ಲವೋ ಎಂದು ವಿಂಡೋಸ್ ಗುರುತಿಸುವುದು ಅದರ ಜೊತೆ ಅಂಟಿಸಿದ ಝೋನ್ ಐಡೆಂಟಿಫೈಯರ್ ಎಂಬ ಗುರುತಿನಿಂದ. ಆ ಗುರುತು ನಿಲ್ಲುವುದು ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಮಾದರಿಯ ಡಿಸ್ಕಿನ ಮೇಲೆ ಮಾತ್ರ. ಗಿರಾಕಿಗಳ ಪೆನ್‌ಡ್ರೈವ್ ಬಹುಪಾಲು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಅಲ್ಲಿಗೆ ಕಾಪಿ ಆಗುವಾಗಲೇ ಗುರುತು ಬಿದ್ದುಹೋಗಿರುತ್ತದೆ. ಅಂದರೆ ಪೆನ್‌ಡ್ರೈವ್‌ನಲ್ಲಿ ಬಂದ ಫೈಲನ್ನು ನಿಮ್ಮ ಮಷಿನ್ ಮನೆಯ ಫೈಲ್ ಎಂದೇ ನೋಡುತ್ತದೆ. ವರ್ಡ್‌ನ ಪ್ರೊಟೆಕ್ಟೆಡ್ ವ್ಯೂ ಮತ್ತು 2022ರಲ್ಲಿ ಬಂದ ಮ್ಯಾಕ್ರೋ (ಫೈಲಿನೊಳಗಿನ ಪುಟ್ಟ ಪ್ರೋಗ್ರಾಂ) ತಡೆ ಕೂಡ ಇದೇ ಗುರುತನ್ನು ನಂಬಿಕೊಂಡಿವೆ.

ಇಂಡಿ_ಕಂಪ್ಯೂಟರ್ಸ್ (ವಿಜಯಪುರ)
ಅಡೋಬ್ ಯಾಕ್ರಿ ಬೇಕು? ಸುಮಾತ್ರಾ ಪಿಡಿಎಫ್ ಹಾಕ್ರಿ. ಸಣ್ಣದು, ಜಾವಾಸ್ಕ್ರಿಪ್ಟ್ ಓಡಿಸೋದ ಇಲ್ಲ, ಹಳೇ ಮಷಿನ್‌ದಾಗೂ ಹಾರತದ.

ಉದ್ಯಮಬಾಗ್_ನೆಟ್‌ವರ್ಕ್ (ಬೆಳಗಾವಿ)
ಸುಮಾತ್ರಾ ಛಲೋ ಐತಿ, ಆದ್ರ ಅದಕ್ಕ ಅಡೋಬ್ ತರಾ ಸ್ಯಾಂಡ್‌ಬಾಕ್ಸ್ ಇಲ್ಲ. ಒಳಗ ಪಿಡಿಎಫ್ ಬಿಚ್ಚೋದು ಮ್ಯೂಪಿಡಿಎಫ್, ಅದೂ ಸಿ ಭಾಷೆಯ ಕೋಡ್. ಚಿತ್ರ ಬಿಚ್ಚೋ ಕಡೆ ತೂತು ಸಿಕ್ಕರ ನೇರ ನಿಮ್ಮ ಲಾಗಿನ್‌ನ ಅಧಿಕಾರದಾಗ ಓಡತೈತಿ. ನನ್ನ ಪ್ರಕಾರ ಬರೇ ನೋಡಿ ಪ್ರಿಂಟ್ ಕೊಡೋ ಕೆಲಸಕ್ಕ ಕ್ರೋಮ್ ಇಲ್ಲಾ ಎಡ್ಜ್ ಉತ್ತಮ. ಪಿಡಿಎಫ್ ಬಿಚ್ಚೋ ಭಾಗ ಬ್ರೌಸರ್‌ನ ಸ್ಯಾಂಡ್‌ಬಾಕ್ಸ್ ಒಳಗ ಓಡತೈತಿ, ಅಪ್‌ಡೇಟ್ ತಾನ ಬರ್ತೈತಿ. ದಾಳಿ ಮಾಡಾವಗ ಒಂದು ತೂತು ಸಾಲಂಗಿಲ್ಲ, ಸ್ಯಾಂಡ್‌ಬಾಕ್ಸ್‌ನಿಂದ ಹೊರಗ ಬರಾಕ ಇನ್ನೊಂದು ಬೇಕು.

ಆದ್ರ ವಿಂಡೋಸ್ 7 ಮ್ಯಾಲೆ ಈ ಮಾತು ನಡಿಯಂಗಿಲ್ಲ. ಕ್ರೋಮ್ ಅಲ್ಲಿ 109ಕ್ಕ ನಿಂತೈತಿ, 2023ರ ಫೆಬ್ರವರಿಯಾಗ ಬಂದ 110ಕ್ಕ ವಿಂಡೋಸ್ 10 ಬೇಕು.

ಇಂಡಿ_ಕಂಪ್ಯೂಟರ್ಸ್ (ವಿಜಯಪುರ)
ಸ್ಯಾಂಡ್‌ಬಾಕ್ಸ್ ಇದ್ರೂ ಅಡೋಬ್‌ದು ಒಡದಾರಲ್ರಿ.

ಶಹಾಪುರ_ಸೆಕ್ಯುರಿಟಿ (ಬೆಳಗಾವಿ)
ಒಡೆದಿದ್ದಾರೆ. 2013ರ ಫೆಬ್ರವರಿಯಲ್ಲಿ ಸಿವಿಇ-2013-0640 ಮತ್ತು 0641 ಎರಡನ್ನೂ ಜೋಡಿಸಿ ಹೊರಬಂದರು, ಮೊದಲನೆಯದರಿಂದ ಒಳಗೆ ಕೋಡ್ ಓಡಿಸಿ, ಎರಡನೆಯದರಿಂದ ಸ್ಯಾಂಡ್‌ಬಾಕ್ಸ್ ದಾಟಿ. ಪ್ರೊಟೆಕ್ಟೆಡ್ ಮೋಡ್ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಆಗಿತ್ತು. ಅಷ್ಟು ಕಷ್ಟ ಕೊಡುವುದೇ ಅದರ ಉಪಯೋಗ.

ಫೈರ್‌ಫಾಕ್ಸ್ ಬಗ್ಗೆಯೂ ಹೇಳಿಬಿಡುತ್ತೇನೆ. ಅದರಲ್ಲಿ ಪಿಡಿಎಫ್ ತೋರಿಸುವ ಪಿಡಿಎಫ್ ಜೆಎಸ್ ಎಂಬ ಭಾಗ ಬಹುಪಾಲು ಜಾವಾಸ್ಕ್ರಿಪ್ಟ್‌ನಲ್ಲೇ ಬರೆದದ್ದು, ಮೆಮೊರಿ ಮೀರಿ ಬರೆಯುವ ತೂತು ಅದರಲ್ಲಿ ಸುಲಭಕ್ಕೆ ಬರುವುದಿಲ್ಲ. ಬೇರೆ ಬಗೆಯದು ಬಂತು. ಸಿವಿಇ-2024-4367: ಫಾಂಟಿನೊಳಗೆ ಫಾಂಟ್ ಮ್ಯಾಟ್ರಿಕ್ಸ್ ಎಂಬ ಆರು ಸಂಖ್ಯೆಗಳ ಸಾಲು ಇರಬೇಕಾದಲ್ಲಿ ಅಕ್ಷರ ತುಂಬಿದರೆ, ಅದು ಹಾಗೇ ಕೋಡಾಗಿ ಓಡುತ್ತಿತ್ತು. ಫೈರ್‌ಫಾಕ್ಸ್ 126ರಲ್ಲಿ ಮುಚ್ಚಿದರು. ಪಿಡಿಎಫ್ ಜೆಎಸ್ ಅನ್ನು ತಮ್ಮ ವೆಬ್‌ಸೈಟಿನೊಳಗೆ ಜೋಡಿಸಿಕೊಂಡವರು 4.2.67ಕ್ಕೆ ಏರಬೇಕು. ಬ್ರೌಸರ್ ತಾನೇ ಅಪ್‌ಡೇಟ್ ಆಗುತ್ತದೆ, ವೆಬ್‌ಸೈಟಿನೊಳಗಿನ ಪ್ರತಿ ಆಗುವುದಿಲ್ಲ.

ಗುಮ್ಮಟ_ಲಿನಕ್ಸ್ (ವಿಜಯಪುರ)
ವಿಂಡೋಸ್ 7 ಮಷಿನ್‌ಗೆ ಲಿನಕ್ಸ್ ಮಿಂಟ್ ಹಾಕ್ರಿ, ಮುಗೀತು. ರೊಕ್ಕಾನೂ ಬೇಕಿಲ್ಲ.

ಹಿಡಕಲ್_ಸರ್ವರ್
ಲಿನಕ್ಸ್ ಅಂದ ಕೂಡಲೆ ಪಾರಾದಂಗಲ್ಲ. ಎವಿನ್ಸ್ ಅನ್ನೋ ಲಿನಕ್ಸ್ ರೀಡರ್‌ನ್ಯಾಗ 2017ರಾಗ ಸಿವಿಇ-2017-1000083 ಬಂತು. ಕಾಮಿಕ್ ಬುಕ್‌ನ ಸಿಬಿಟಿ ಫೈಲ್ ಅಂದ್ರ ಬರೇ ಟಾರ್ ಕಟ್ಟು, ಝಿಪ್ ತರಾ. ಒಳಗಿನ ಫೈಲ್ ಹೆಸರು ಎರಡು ಅಡ್ಡಗೆರೆಯಿಂದ ಶುರುವಾದ್ರ ಟಾರ್ ಕಮಾಂಡ್ ಅದನ್ನ ಫೈಲ್ ಅನ್ನದ ಆಯ್ಕೆ ಅಂತ ತಿಳಕೊಂಡು, ಅದರಾಗ ಬರೆದ ಕಮಾಂಡ್ ಓಡಿಸ್ತಿತ್ತು. ಅದಕ್ಕಿಂತ ಕೆಟ್ಟದ್ದು, ಫೋಲ್ಡರ್ ತಗದಾಗ ಸಣ್ಣ ಚಿತ್ರ ತೋರಸಾಕ ಥಂಬ್‌ನೇಲರ್ ತಾನ ಫೈಲ್ ಬಿಚ್ಚತೈತಿ. ನೀವು ಡಬಲ್ ಕ್ಲಿಕ್ ಮಾಡೋದೂ ಬೇಕಿಲ್ಲ.

ಮತ್ತ ಘೋಸ್ಟ್‌ಸ್ಕ್ರಿಪ್ಟ್, ಪೋಸ್ಟ್‌ಸ್ಕ್ರಿಪ್ಟ್ ಫೈಲ್ ಓದೋ ಪ್ರೋಗ್ರಾಂ. ಪೋಸ್ಟ್‌ಸ್ಕ್ರಿಪ್ಟ್ ಅನ್ನೋದ ಒಂದು ಪೂರ್ತಿ ಪ್ರೋಗ್ರಾಮಿಂಗ್ ಭಾಷೆ. 2018ರಾಗ ಸೇಫರ್ ಅನ್ನೋ ಅದರ ಬಿಗಿ ಮೋಡ್ ದಾಟೋ ತೂತು ಸಾಲುಸಾಲಾಗಿ ಸಿಕ್ಕವು, 9.50ರಿಂದ ಸೇಫರ್ ತಾನ ಆನ್ ಇರೋ ಹಂಗ ಮಾಡಿದ್ರು, ಆದ್ರೂ 2023ರಾಗ ಸಿವಿಇ-2023-36664, 2024ರಾಗ ಸಿವಿಇ-2024-29510 ಬಂದುವು. ಲಿನಕ್ಸ್‌ನ್ಯಾಗ ಕೆಲವು ಪ್ರಿಂಟರ್ ಡ್ರೈವರ್‌ಗಳು ಪ್ರಿಂಟ್ ಕೊಟ್ಟಾಗ ಫೈಲನ್ನ ಘೋಸ್ಟ್‌ಸ್ಕ್ರಿಪ್ಟ್ ಮೂಲಕನ ದಾಟಸ್ತಾವ. ನೋಡೋ ಆ್ಯಪ್ ಬ್ಯಾರೆ, ಪ್ರಿಂಟ್ ದಾರಿ ಬ್ಯಾರೆ. ಎರಡೂ ಅಪ್‌ಡೇಟ್ ಇರಬೇಕು.

ಗುಮ್ಮಟ_ಲಿನಕ್ಸ್ (ವಿಜಯಪುರ)
ಒಪ್ಪಿದೆ. ಆದ್ರ ಅಪ್‌ಡೇಟ್ ಮ್ಯಾನೇಜರ್‌ದಾಗ ಒಂದ ಸಲ ಒತ್ತಿದ್ರ ವ್ಯೂವರ್, ಅದರೊಳಗ ಪಿಡಿಎಫ್ ಬಿಚ್ಚೋ ಪಾಪ್ಲರ್, ಘೋಸ್ಟ್‌ಸ್ಕ್ರಿಪ್ಟ್ ಎಲ್ಲಾ ಒಟ್ಟಿಗೆ ಹೊಸದಾಗ್ತಾವ. ವಿಂಡೋಸ್‌ದಾಗ ಒಂದೊಂದ ಹುಡುಕಬೇಕು.

ಮುಧೋಳ_ಪ್ರಿಂಟ್ಸ್
ಪ್ರಿಂಟರ್ ಕ್ಯಾನನ್ 2900 ಇದ್ರ ಲಿನಕ್ಸ್‌ನ್ಯಾಗ ಹೈರಾಣ ಆಗ್ತೀರಿ.

ಹಿಡಕಲ್_ಸರ್ವರ್
ಖರೇ ಐತಿ. ಎಲ್‌ಬಿಪಿ 2900ಗೆ ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಅನ್ನೋ ಪ್ರಿಂಟರ್ ಭಾಷೆ ಎರಡೂ ತಿಳಿಯಂಗಿಲ್ಲ, ಕ್ಯಾನನ್‌ದ ಕ್ಯಾಪ್ಟ್ ಡ್ರೈವರ್ ಬೇಕು, ಅದು ಹಳೇದು, ಕೈಲೆ ಹಾಕಬೇಕು. ಹಂಗಿದ್ರ ಪ್ರಿಂಟರ್ ವಿಂಡೋಸ್ 10 ಮಷಿನ್‌ಗೇ ಇರ್ಲಿ. ಅಂಗಡಿಯವ್ರು ಮಿಂಟ್ ಹಾಕೋಕ್ಕಿಂತ ಮೊದಲ ಲೈವ್ ಯುಎಸ್‌ಬಿಯಿಂದ ಚಾಲೂ ಮಾಡಿ ಪ್ರಿಂಟರ್, ಸ್ಕ್ಯಾನರ್ ಎರಡೂ ತಪಾಸ ಮಾಡ್ರಿ.

ಜಮಖಂಡಿ_ಅಕೌಂಟ್ಸ್
ಡಿಎಸ್‌ಸಿ ಟೋಕನ್ ಬಗ್ಗೆ ಯಾರೂ ಮಾತಾಡ್ಲಿಲ್ಲಲ್ಲ. ಕೆಲವು ಟೋಕನ್ ಡ್ರೈವರ್ ಪ್ರೊಟೆಕ್ಟೆಡ್ ಮೋಡ್‌ನ್ಯಾಗ ಸಹಿ ಹಾಕಾಕ ಬಿಡಂಗಿಲ್ಲ, ಅದಕ್ಕ ಮಂದಿ ಆ ಟಿಕ್ ತಗದು ಹಂಗ ಬಿಟ್ಟಿರ್ತಾರ.

ಉದ್ಯಮಬಾಗ್_ನೆಟ್‌ವರ್ಕ್ (ಬೆಳಗಾವಿ)
ಅಕ್ಕಾರು ಹೇಳಿದ್ದು ಇಡೀ ಚರ್ಚೆಯಾಗ ಮುಖ್ಯ ಮಾತು. ಟೋಕನ್ ಹಚ್ಚಿದ ಮಷಿನ್‌ದಾಗ ಗಿರಾಕಿ ಫೈಲ್ ತಗೀಲೇಬಾರದು. ಟೋಕನ್ ಒಳಗಿನ ಕೀಲಿ ಕಾಪಿ ಆಗಂಗಿಲ್ಲ, ಆದ್ರ ಟೋಕನ್ ಹಚ್ಚಿ ಪಿನ್ ಹಾಕಿದಾಗ ಮಷಿನ್‌ದಾಗ ಕುಂತ ಮಾಲ್‌ವೇರ್ ನಿಮ್ಮ ಹೆಸರಲೆ ಸಹಿ ಮಾಡಿಸಬಹುದು, ಪಿನ್ ಒತ್ತೋದನ್ನೂ ಬರಕೋಬಹುದು. ನವನಗರದವ್ರ ಹತ್ರ ಎರಡು ಮಷಿನ್ ಅದಾವು, ಒಂದು ಗಿರಾಕಿ ಫೈಲ್‌ಗೆ, ಒಂದು ಸಹಿಗೆ ಅಂತ ಇವತ್ತಿಂದ ಬ್ಯಾರೆ ಮಾಡ್ರಿ. ಗಿರಾಕಿ ಮಷಿನ್‌ದಾಗ ದಿನಾ ಬಳಸೋ ಲಾಗಿನ್ ಸ್ಟ್ಯಾಂಡರ್ಡ್ ಯೂಸರ್ ಇರ್ಲಿ, ಅಡ್ಮಿನ್ ಬ್ಯಾಡ. ಕೆಲಸ ಮುಗಿದ್ಮ್ಯಾಲೆ ಟೋಕನ್ ಕಿತ್ತು ಇಡ್ರಿ.

ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕ ಮಾಮೂಲಿ ಬೆಂಬಲ ಮುಗಿದೈತಿ. ಇಎಸ್‌ಯು ಅನ್ನೋ ಮುಂದುವರಿದ ಅಪ್‌ಡೇಟ್ ಯೋಜನೆಗೆ ನೋಂದಾಯಿಸಿದ್ರ 2026ರ ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್‌ಡೇಟ್ ಬರ್ತಾವ. ಅದನ್ನ ಬಿಡಬ್ಯಾಡ್ರಿ.

ತಿಕೋಟಾ_ಡಿಟಿಪಿ (ವಿಜಯಪುರ)
ನುಡಿ ಫಾಂಟ್‌ನ ವರ್ಡ್ ಫೈಲ್ ಭಾಳ ಬರ್ತಾವ. ಜೋಡಿ ಫಾಂಟ್ ಫೈಲ್‌ನೂ ಕಳಸ್ತಾರ, "ಇದನ್ನ ಇನ್‌ಸ್ಟಾಲ್ ಮಾಡ್ಕೋರಿ" ಅಂತ. ಫಾಂಟ್‌ದಾಗೂ ಹಿಂಗ ಆಗ್ತದೇನು?

ಶಹಾಪುರ_ಸೆಕ್ಯುರಿಟಿ (ಬೆಳಗಾವಿ)
ಆಗುತ್ತದೆ, ಅದೂ ಆಳದಲ್ಲಿ. ಹಳೆಯ ವಿಂಡೋಸ್‌ನಲ್ಲಿ ಫಾಂಟ್ ಓದುವ ಕೆಲಸ ಕರ್ನಲ್ (ವಿಂಡೋಸ್‌ನ ತಿರುಳು) ಒಳಗೇ ನಡೆಯುತ್ತಿತ್ತು. 2011ರ ಡುಕು ದಾಳಿ ವರ್ಡ್ ಫೈಲಿನೊಳಗೆ ಅಡಗಿಸಿದ ಟ್ರೂಟೈಪ್ ಫಾಂಟ್‌ನಿಂದ ನೇರ ಕರ್ನಲ್‌ಗೆ ಇಳಿಯಿತು (ಸಿವಿಇ-2011-3402). 2020ರ ಮಾರ್ಚ್‌ನಲ್ಲಿ ಅಡೋಬ್ ಟೈಪ್ ಮ್ಯಾನೇಜರ್ ಲೈಬ್ರರಿಯ ಎರಡು ತೂತು ಹೊರಬಂದವು, ದಾಳಿ ಆಗುತ್ತಿದ್ದದ್ದು ವಿಂಡೋಸ್ 7 ಮೇಲೆ. ಅಷ್ಟರಲ್ಲಿ ವಿಂಡೋಸ್ 7ರ ಬೆಂಬಲ ಆ ವರ್ಷದ ಜನವರಿ 14ಕ್ಕೆ ಮುಗಿದಿತ್ತು, ತೇಪೆ ಸಿಕ್ಕಿದ್ದು ಹಣ ಕಟ್ಟಿದವರಿಗೆ. ವಿಂಡೋಸ್ 10ರಲ್ಲಿ ಆ ಕೆಲಸವನ್ನು ಕರ್ನಲ್‌ನಿಂದ ಹೊರತೆಗೆದು ಅಧಿಕಾರ ಕಡಿಮೆ ಇರುವ ಬೇರೆ ಪ್ರೊಸೆಸ್‌ಗೆ ಕೊಟ್ಟಿದ್ದಾರೆ.

ಗಿರಾಕಿ ಕೊಟ್ಟ ಫಾಂಟ್ ಇನ್‌ಸ್ಟಾಲ್ ಮಾಡಬೇಡಿ. ನುಡಿ ನಿಮ್ಮಲ್ಲೇ ಮೂಲದಿಂದ ಇಳಿಸಿದ್ದು ಇರಲಿ, ಫೈಲ್ ಮಾತ್ರ ತೆಗೆದುಕೊಳ್ಳಿ.

ವರ್ಡ್‌ನ ವಿಷಯಕ್ಕೆ ಬಂದರೆ, ಆಫೀಸ್ 2007, 2010ರ ಹಳೆಯ ಸಿಡಿಯಿಂದ ಹಾಕಿ ಅಪ್‌ಡೇಟ್ ಮಾಡದ ಮಷಿನ್ ಎಲ್ಲ ಊರಲ್ಲೂ ಇವೆ. ಅವುಗಳಲ್ಲಿ ಗಣಿತದ ಸೂತ್ರ ಬರೆಯುವ ಈಕ್ವೇಶನ್ ಎಡಿಟರ್‌ನ ತೂತು, ಸಿವಿಇ-2017-11882, ಹಾಗೇ ಇದೆ. 2000ನೇ ಇಸವಿಯಲ್ಲಿ ಕಂಪೈಲ್ ಮಾಡಿದ ಪ್ರೋಗ್ರಾಂ ಅದು, ಹೊಸ ರಕ್ಷಣೆಗಳು ಯಾವುವೂ ಅದಕ್ಕಿರಲಿಲ್ಲ. ಮೈಕ್ರೋಸಾಫ್ಟ್ 2018ರ ಜನವರಿಯಲ್ಲಿ ಅದನ್ನು ಪೂರ್ತಿ ಕಿತ್ತುಹಾಕಿತು. ಮ್ಯಾಕ್ರೋ ಬೇಡ, ಫೈಲ್ ತೆರೆದರೆ ಸಾಕು. 2022ರ ಫೊಲಿನಾ, ಸಿವಿಇ-2022-30190, ಇನ್ನೂ ಒಂದು ಹೆಜ್ಜೆ ಮುಂದೆ: ಆರ್‌ಟಿಎಫ್ ರೂಪದ ಫೈಲ್ ಆಗಿದ್ದರೆ ಎಕ್ಸ್‌ಪ್ಲೋರರ್‌ನ ಪ್ರಿವ್ಯೂ ಪೇನ್‌ನಲ್ಲಿ ಕಂಡರೇ ಓಡುತ್ತಿತ್ತು. ಪ್ರಿವ್ಯೂ ಪೇನ್ ಆಲ್ಟ್ ಮತ್ತು ಪಿ ಒತ್ತಿ ಬಂದ್ ಮಾಡಿ.

ಇಂಡಿ_ಕಂಪ್ಯೂಟರ್ಸ್ (ವಿಜಯಪುರ)
ಝಿಪ್, ರಾರ್ ಒಳಗಿನ ಪಿಡಿಎಫ್‌ಗೂ ಲಕ್ಷ್ಯ ಇರ್ಲಿ. ವಿನ್‌ರಾರ್ 6.23ಕ್ಕಿಂತ ಹಳೇದಿದ್ರ ಸಿವಿಇ-2023-38831 ಅದ. ಕಟ್ಟಿನ ಒಳಗ ಒಂದು ಪಿಡಿಎಫ್, ಅದ ಹೆಸರಿನ ಒಂದು ಫೋಲ್ಡರ್ ಇಟ್ಟಿರ್ತಾರ. ಪಿಡಿಎಫ್ ಮ್ಯಾಲೆ ಡಬಲ್ ಕ್ಲಿಕ್ ಮಾಡಿದ್ರ ಫೋಲ್ಡರ್ ಒಳಗಿನ ಸ್ಕ್ರಿಪ್ಟ್ ಓಡತದ. ವಿನ್‌ರಾರ್ ತಾನ ಅಪ್‌ಡೇಟ್ ಆಗಂಗಿಲ್ಲ, ಕೈಲೆ ಹಾಕಬೇಕು.

ಘಟಪ್ರಭಾ_ಎಂಬಿಎ
ವಾಟ್ಸ್ಆ್ಯಪ್‌ದಾಗ ಮದುವಿ ಕಾರ್ಡ್, ಆರ್‌ಟಿಒ ಚಲನ್ ಅಂತ ಬರ್ತಾವಲ್ಲ, ಅವೂ ಇದ ಏನ್ರಿ?

ಹಿಡಕಲ್_ಸರ್ವರ್
ಅಲ್ರಿ, ಅವು ಎಪಿಕೆ. ಹೆಸರು ಕಾರ್ಡಿಂದು, ಒಳಗ ಆ್ಯಪ್. ನೋಡೋ ಆ್ಯಪ್‌ನ ತೂತಲ್ಲ, ನಾವ ಇನ್‌ಸ್ಟಾಲ್ ಮಾಡೋದು. ಇನ್‌ಸ್ಟಾಲ್ ಆದ್ಮ್ಯಾಲೆ ಎಸ್‌ಎಂಎಸ್ ಓದೋ ಅನುಮತಿ ತಗೊಂಡು ಓಟಿಪಿ ಕಳಸ್ತೈತಿ. ರೊಕ್ಕ ಹೋದ್ರ ತಡ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ಚಬೇಕು.

ಆದ್ರ ವಿಂಡೋಸ್‌ನ ವಾಟ್ಸ್ಆ್ಯಪ್‌ನ್ಯಾಗ ಇಂಥದ್ದ ಹತ್ರದ ಒಂದು ತೂತು ಇತ್ತು, ಸಿವಿಇ-2025-30401. ತೋರಸಾಕ ಫೈಲ್‌ನ ಮೈಮ್ ಟೈಪ್ (ಯಾವ ಬಗೆಯ ಫೈಲ್ ಅನ್ನೋ ಚೀಟಿ) ನೋಡ್ತಿತ್ತು, ತೆಗಿಯಾಕ ಹೆಸರಿನ ಕೊನಿ ಭಾಗ ನೋಡ್ತಿತ್ತು. ಚಿತ್ರ ಅಂತ ಕಂಡದ್ದು ಪ್ರೋಗ್ರಾಂ ಆಗಿ ಓಡಬಹುದಿತ್ತು. 2.2450.6ರಾಗ ಸರಿ ಮಾಡ್ಯಾರ. ಎಕ್ಸ್‌ಪ್ಲೋರರ್‌ನ ವ್ಯೂ ಒಳಗ "ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್" ಟಿಕ್ ಹಾಕಿ ಇಡ್ರಿ, ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಅನ್ನೋದು ಅವಾಗ ಪೂರ್ತಿ ಕಾಣ್ತೈತಿ.

ಉದ್ಯಮಬಾಗ್_ನೆಟ್‌ವರ್ಕ್ (ಬೆಳಗಾವಿ)
ಇಲ್ಲಿ ಫೌಂಡ್ರಿ, ಮಷಿನ್ ಶಾಪ್ ಆಫೀಸ್‌ನವ್ರು ಇದ್ರ ಒಂದು ಮಾತು. "ಡ್ರಾಯಿಂಗ್ ನೋಡಿ ಕೊಟೇಶನ್ ಕಳಸ್ರಿ" ಅಂತ ಬರೋ ಪಿಡಿಎಫ್ ಒಳಗ ಹೊರಗಿನ ಸರ್ವರ್‌ನ ಶೇರ್ ಫೋಲ್ಡರ್ ವಿಳಾಸ ಇಟ್ಟಿರಬಹುದು. ರೀಡರ್ ಅಲ್ಲಿಗೆ ಹೋದ ಕೂಡಲೆ ವಿಂಡೋಸ್ ನಿಮ್ಮ ಲಾಗಿನ್‌ನ ಎನ್‌ಟಿಎಲ್‌ಎಂ ಹ್ಯಾಶ್ (ಪಾಸ್‌ವರ್ಡ್‌ನಿಂದ ಮಾಡಿದ ಗುಪ್ತ ಗುರುತು) ಕಳಸ್ತೈತಿ. 2018ರ ಸಿವಿಇ-2018-4993 ಇದ. ರೀಡರ್ ಅಪ್‌ಡೇಟ್ ಜೊತಿಗೆ ರೌಟರ್‌ನ್ಯಾಗ ಹೊರಗ ಹೋಗೋ ಟಿಸಿಪಿ 445 ಪೋರ್ಟ್ ಬಂದ್ ಮಾಡ್ರಿ. ಆಫೀಸ್ ಒಳಗಿನ ಶೇರಿಂಗ್‌ಗೆ ಏನೂ ತೊಂದ್ರಿ ಆಗಂಗಿಲ್ಲ.

ನವನಗರ_ಸೆಂಟರ್ (ಬಾಗಲಕೋಟೆ)
ಇನ್ನೊಂದು ಕೇಳ್ತೀನ್ರಿ. ಇ-ಆಧಾರ್ ಕ್ರೋಮ್‌ನ್ಯಾಗ ತಗದ್ರ ಸಹಿ ಮ್ಯಾಲೆ ಪ್ರಶ್ನೆ ಚಿಹ್ನೆ ಹಂಗ ಇರ್ತೈತಿ. ಗಿರಾಕಿ ಹಸಿರು ಟಿಕ್ ಬೇಕಂತಾರ. ಅದಕ್ಕ ಅಡೋಬ್ ಬೇಕ ಬೇಕಲ್ರಿ?

ಜಮಖಂಡಿ_ಅಕೌಂಟ್ಸ್
ಬೇಕ್ರಿ, ಕ್ರೋಮ್ ಸಹಿ ತಪಾಸ ಮಾಡಂಗಿಲ್ಲ. ಅಡೋಬ್‌ನ್ಯಾಗ ಸಹಿ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಸಿಗ್ನೇಚರ್ ಪ್ರಾಪರ್ಟೀಸ್, ಅಲ್ಲಿಂದ ಶೋ ಸೈನರ್ಸ್ ಸರ್ಟಿಫಿಕೇಟ್, ಟ್ರಸ್ಟ್ ಟ್ಯಾಬ್, ಆ್ಯಡ್ ಟು ಟ್ರಸ್ಟೆಡ್ ಸರ್ಟಿಫಿಕೇಟ್ಸ್, ಆಮ್ಯಾಲೆ ವ್ಯಾಲಿಡೇಟ್ ಸಿಗ್ನೇಚರ್. ಕ್ರೋಮ್‌ನಿಂದ ಮತ್ತೊಮ್ಮೆ ಪಿಡಿಎಫ್ ಮಾಡಿ ಸೇವ್ ಮಾಡಿದ್ರ ಸಹಿ ಹೋಗ್ತೈತಿ, ಮೂಲ ಫೈಲನ್ನ ಬಳಸ್ರಿ.

ಶಹಾಪುರ_ಸೆಕ್ಯುರಿಟಿ (ಬೆಳಗಾವಿ)
ಟ್ರಸ್ಟ್ ಕೊಡುವ ಮೊದಲು ಅದೇ ಕಿಟಕಿಯ ಎಡಭಾಗದಲ್ಲಿ ಸರ್ಟಿಫಿಕೇಟ್‌ಗಳ ಸರಪಳಿ ನೋಡಿ. ತುದಿಯಲ್ಲಿ ಸಿಸಿಎ ಇಂಡಿಯಾ (ಡಿಜಿಟಲ್ ಸಹಿಗಳ ಮೇಲಿನ ಸರಕಾರಿ ಪ್ರಾಧಿಕಾರ) ಇರಬೇಕು, ಇಲ್ಲದಿದ್ದರೆ ಮುಂದೆ ಹೋಗಬೇಡಿ. ಯಾರು ಬೇಕಾದರೂ ಯಾರ ಹೆಸರಲ್ಲಾದರೂ ಸರ್ಟಿಫಿಕೇಟ್ ಮಾಡಿಕೊಂಡು ಸಹಿ ಹಾಕಬಹುದು. ನೀವೇ ಟ್ರಸ್ಟ್ ಕೊಟ್ಟರೆ ಅದಕ್ಕೂ ಹಸಿರು ಟಿಕ್ ಬರುತ್ತದೆ.

ಇನ್ನೊಂದು, ಟ್ರಸ್ಟ್ ಕೊಡುವಾಗ ಬರುವ ಕಿಟಕಿಯಲ್ಲಿ "ಡೈನಾಮಿಕ್ ಕಂಟೆಂಟ್", "ಎಂಬೆಡೆಡ್ ಹೈ ಪ್ರಿವಿಲೇಜ್ ಜಾವಾಸ್ಕ್ರಿಪ್ಟ್", "ಪ್ರಿವಿಲೇಜ್ಡ್ ಸಿಸ್ಟಮ್ ಆಪರೇಶನ್ಸ್" ಎಂದು ಮೂರು ಟಿಕ್ ಇವೆ. ಸಹಿ ತಪಾಸಣೆಗೆ ಅವು ಯಾವುವೂ ಬೇಕಿಲ್ಲ. "ಯೂಸ್ ದಿಸ್ ಸರ್ಟಿಫಿಕೇಟ್ ಆ್ಯಸ್ ಎ ಟ್ರಸ್ಟೆಡ್ ರೂಟ್" ಒಂದಕ್ಕೆ ಮಾತ್ರ ಟಿಕ್ ಹಾಕಿ. ಈಗಾಗಲೇ ಎಲ್ಲಕ್ಕೂ ಹಾಕಿದ್ದರೆ ಪ್ರಿಫರೆನ್ಸಸ್‌ನ ಸಿಗ್ನೇಚರ್ಸ್ ಒಳಗೆ ಐಡೆಂಟಿಟೀಸ್ ಆ್ಯಂಡ್ ಟ್ರಸ್ಟೆಡ್ ಸರ್ಟಿಫಿಕೇಟ್ಸ್, ಮೋರ್ ಒತ್ತಿ, ಆ ಸರ್ಟಿಫಿಕೇಟ್ ಆರಿಸಿ ಎಡಿಟ್ ಟ್ರಸ್ಟ್‌ನಲ್ಲಿ ತೆಗೆಯಬಹುದು.

ಜಮಖಂಡಿ_ಅಕೌಂಟ್ಸ್
ಎಡಿಟ್ ಟ್ರಸ್ಟ್ ಸಿಕ್ತು, ಮೂರೂ ಟಿಕ್ ತಗದೆ. ಸಹಿಗೆ ಹಸಿರು ಟಿಕ್ ಮೊದಲಿನಂಗ ಬರಾಕತ್ತೈತಿ.